ಮರಳಿ ಆರಿಸಿದ ಚರಗ

ಆ ಎಳ್ಳಮಾಸಿಯ ದಿನ ನಾನು ಎರಡು ಸುಳ್ಳು ಹೇಳಿದೆ. ಒಂದು ತೆಲುಗಿನಲ್ಲಿ, ಇನ್ನೊಂದು ಕನ್ನಡದಲ್ಲಿ. ಮೊದಲನೆಯದು ಕೆಟ್ಟವನೇನೂ ಅಲ್ಲದ ಒಬ್ಬ ಅಧಿಕಾರಿಗೆ, ಎರಡನೆಯದು ಹೆತ್ತ ಅವ್ವನಿಗೆ. ಹಾಗೆ ನೋಡಿದರೆ ನಾನೇನು ಸತ್ಯಸಂಧಳಲ್ಲ. ಕಚೇರಿಗೆ ತಡವಾದರೆ ಬಸ್ಸಿನ ಮೇಲೆ ಹಾಕಿದ್ದೇನೆ, ಬೇಡದ ಮದುವೆಗೆ ಜ್ವರದ ನೆಪ ಹೇಳಿದ್ದೇನೆ. ಅವೆಲ್ಲ ಮರೆತೂ ಹೋಗಿವೆ. ಈ ಎರಡು ಮಾತ್ರ ಇಷ್ಟು ವರ್ಷವಾದರೂ ಗಂಟಲಿನಲ್ಲಿ ಮುಳ್ಳಿನ ಹಾಗೆ ಕೂತಿವೆ. ಬರೆದರೆ ಇಳಿಯುತ್ತವೆ ಅನ್ನುವ ಭರವಸೆಯೂ ನನಗಿಲ್ಲ.

ಆಗ ತೆಲುಗು ನಾಡಿನ ರಾಜಧಾನಿಯ ಅಂಚಿನ ಗಚ್ಚಿಬೌಲಿಯಲ್ಲಿ ಬಂಡೆ ಒಡೆದ ಕಡೆಯಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಕಂಪನಿಗಳು ಬಂದವು, ಕಂಪನಿಯವರಿಗೆ ಮನೆಗಳು ಬೇಕಾದವು, ಆ ಮನೆಗಳನ್ನು ಕಟ್ಟಲು ನಮ್ಮ ಕಡೆಯ ಜನ ಬಂದರು. ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಯವರು. ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟಿನ ಬೆನ್ನಿಗೆ ಅವರ ತಗಡಿನ ಗುಡಿಸಲುಗಳ ಸಾಲು ಇರುತ್ತಿತ್ತು. ಆ ಗುಡಿಸಲುಗಳ ಹೆಂಗಸರಿಗೆ ಸಂಜೆ ಹೊತ್ತು ಅಕ್ಷರ ಕಲಿಸುವುದು, ಬಸುರಿಯರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ನೌಕರಿ. ಒಂದು ಸಣ್ಣ ಸಂಸ್ಥೆ ನನ್ನನ್ನು ಅದಕ್ಕೆಂದು ಇಟ್ಟುಕೊಂಡಿತ್ತು. ನನಗೆ ಕನ್ನಡ ಬರುತ್ತದೆ ಎನ್ನುವುದೇ ನನ್ನ ದೊಡ್ಡ ಅರ್ಹತೆ. ಆ ಹೆಂಗಸರು ನನ್ನನ್ನು ಶಾಲೆಯ ಟೀಚರನ್ನು ಕರೆಯುವ ಹಾಗೆ ‘ಅಕ್ಕೋರೆ’ ಎನ್ನುತ್ತಿದ್ದರು.

ಆ ಕನ್ನಡವೇ ನನಗೆ ಚಿಕ್ಕಂದಿನಿಂದ ಒಂದು ನಾಚಿಕೆಯಾಗಿತ್ತು ಎಂದರೆ ನಗಬೇಡಿ. ನಾನು ಹುಟ್ಟಿ ಬೆಳೆದದ್ದು ಅದೇ ಊರಿನ ಬಾಲಾನಗರದಲ್ಲಿ. ಕಲಬುರಗಿ ಕಡೆಯಿಂದ ಬಂದ ಅಪ್ಪ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸದಲ್ಲಿದ್ದ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಅವ್ವ ಸಂತೆಯಲ್ಲಿ ಗಟ್ಟಿಯಾಗಿ ಕನ್ನಡದಲ್ಲಿ ಕರೆದರೆ ನಾನು ಬೇರೆ ಯಾರದೋ ಮಗಳ ಹಾಗೆ ಮುಂದೆ ನಡೆದುಬಿಡುತ್ತಿದ್ದೆ. ಆ ಗುಣ ಮೂವತ್ತು ದಾಟಿದರೂ ನನ್ನನ್ನು ಬಿಟ್ಟಿರಲಿಲ್ಲ, ಮುಂದೆ ಗೊತ್ತಾಗುತ್ತದೆ.

ಗಚ್ಚಿಬೌಲಿಯಿಂದ ಶೇರ್ ಆಟೋದಲ್ಲಿ ಅರ್ಧ ಗಂಟೆ ಹೋದರೆ ಊರು ಇನ್ನೂ ನುಂಗದೆ ಬಿಟ್ಟಿದ್ದ ಒಂದಿಷ್ಟು ಹೊಲಗಳಿದ್ದವು. ಅವುಗಳ ನಡುವೆ ಯಾರೋ ದಾನಿಗಳ ನೆರವಿನಿಂದ ಒಂದು ಮಾದರಿ ತೋಟ ಶುರುವಾಗಿತ್ತು. ಹಸಿವನ್ನು ಮಣ್ಣಿನಿಂದಲೇ ಗೆಲ್ಲುವುದು ಹೇಗೆ ಎಂದು ಬಡವರಿಗೆ ಕಲಿಸುವ ತೋಟ. ಅಂಗೈಯಗಲ ಜಾಗದಲ್ಲಿ ಸೊಪ್ಪು, ಸಿಮೆಂಟಿನ ಖಾಲಿ ಚೀಲದಲ್ಲಿ ಬದನೆ, ಪಾತ್ರೆ ತೊಳೆದ ನೀರಿಗೆ ಬಾಳೆ, ಕಸದಿಂದ ಗೊಬ್ಬರ. ತೋಟದ ಅಂಚಿನಲ್ಲಿ ಒಂದು ಪಟ್ಟಿ ನೆಲ ಖಾಲಿ ಬಿದ್ದಿತ್ತು. ಅದನ್ನು ಕೂಲಿ ಹೆಂಗಸರ ಒಂದು ಗುಂಪಿಗೆ ಒಂದು ವರ್ಷ ಬಿಟ್ಟುಕೊಡುತ್ತೇವೆ, ನೀರು ಬೀಜ ನಮ್ಮದು, ಬೆಳೆದದ್ದೆಲ್ಲ ಅವರದು ಎಂದು ತೋಟದ ಉಸ್ತುವಾರಿಯವರು ಹೇಳಿ ಕಳಿಸಿದ್ದರು. ಆದರೆ ಮೊದಲು ಗುಂಪನ್ನು ಕರೆತನ್ನಿ, ನೋಡಿ ತೀರ್ಮಾನಿಸುತ್ತೇನೆ ಎಂದಿದ್ದರು.

ಆ ನೆಲ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಒಬ್ಬಳಿಗೆ. ನಲವತ್ತೈದರ ಆಸುಪಾಸಿನ ಹೆಂಗಸು, ಇಟ್ಟಿಗೆ ಹೊತ್ತು ಹೊತ್ತು ನಡುನೆತ್ತಿಯ ಕೂದಲು ಸವೆದಿತ್ತು. ನನ್ನ ಅಕ್ಷರದ ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ ಕೂತು, ಎಲ್ಲರಿಗಿಂತ ಮೊದಲು ಬರೆದು ಮುಗಿಸುತ್ತಿದ್ದಳು. ಅವಳ ಮಗಳು ಆರು ತಿಂಗಳ ಬಸುರಿ. ತವರಿಗೆ ಕಳಿಸೋಣವೆಂದರೆ ತವರೂ ಅದೇ ತಗಡಿನ ಸಾಲಿನಲ್ಲಿ ಮೂರನೆಯ ಗುಡಿಸಲು. ಮೈಯಲ್ಲಿ ರಕ್ತವೇ ಇಲ್ಲ, ಸೊಪ್ಪು ತರಕಾರಿ ತಿನ್ನಿಸಿ ಎಂದು ಡಾಕ್ಟರು ಹೇಳಿದ್ದನ್ನು ನಾನೇ ಕನ್ನಡದಲ್ಲಿ ಅವಳಿಗೆ ತಿಳಿಸಿದ್ದೆ.

“ತಿನ್ನಸ್ರಿ ಅಂತಾರ, ಎಲ್ಲಿಂದ ತರೂದ್ರಿ ಅಕ್ಕೋರೆ?” ಎಂದಿದ್ದಳು. “ಇಲ್ಲಿ ಸಿಗೂದು ರೇಶನ್ ಅಕ್ಕಿ, ಟೊಮಾಟಿ ನೀರು. ಹುಡುಗಿ ಕದ್ದು ಇಟ್ಟಿಗಿ ಚೂರು ತಿನ್ನಾಕತ್ಯಾಳ. ನನಗ ನಾಕು ಮಾರು ನೆಲ ಕೊಡಸ್ರಿ ಸಾಕು, ಪುಂಡಿಪಲ್ಲೆ, ಮೆಂತೆಪಲ್ಲೆ ನಾನ ಬೆಳಕೊಂತೀನಿ.”

ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನನ್ನ ಕೈ ಯಾವಾಗಲೂ ದೊಡ್ಡದು.

ತೋಟಕ್ಕೆ ಹೋಗುವ ದಿನ ಗೊತ್ತುಮಾಡಿದವಳೂ ನಾನೇ. ಅಮಾವಾಸ್ಯೆಯ ದಿನ ಮೇಸ್ತ್ರಿಗಳು ಸ್ಲ್ಯಾಬ್ ಹಾಕುವುದಿಲ್ಲ, ಹೆಂಗಸರಿಗೆ ಕೆಲಸವಿರುವುದಿಲ್ಲ. ಅದು ಎಂಥ ಅಮಾವಾಸ್ಯೆ ಎಂದು ನಾನು ಕ್ಯಾಲೆಂಡರಿನಲ್ಲಿ ನೋಡಲಿಲ್ಲ. ಹಿಂದಿನ ವಾರ ಗುಡಿಸಲುಗಳ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಅಮಾಸಿ ದಿನ ನಿಮ್ಮನ್ನ ಒಂದು ಹೊಲಕ್ಕ ಕರಕೊಂಡು ಹೋಗ್ತೀನಿ. ಚಲೋ ಸೀರಿ ಉಟ್ಕೊಳ್ರಿ. ಅಲ್ಲಿ ಊಟ ಸಿಗಂಗಿಲ್ಲ, ಬುತ್ತಿ ನೀವ ಕಟ್ಕೊಂಡು ಬರ್ರಿ.” ಹೆಂಗಸರ ಮುಖ ಅರಳಿತು. ನನ್ನ ಮಾತಿನ ಮೋಡಿಯೇ ಮೋಡಿ ಎಂದುಕೊಂಡೆ.

ಆ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಅವ್ವ ಒಂದು ಸ್ಟೀಲ್ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಒಳಗೆ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎರಡು ಕಡುಬು.

“ಇವತ್ತು ಎಳ್ಳಮಾಸಿ. ಹೊಲಕ್ಕ ಹೊಂಟೀಯಂತಲ್ಲ, ನನ್ನ ಹೆಸರೀಲೆ ಒಂದು ತುತ್ತು ಚರಗ ಚೆಲ್ಲಿ ಬಾ” ಎಂದಳು. “ನಲವತ್ತು ವರ್ಷಾತು ನಾ ಹೊಲದಾಗ ಚೆಲ್ಲಿ. ಇಲ್ಲಿ ಕುಂಡದಾಗ ಚೆಲ್ಲಿ ಚೆಲ್ಲಿ ಸಾಕಾಗೇತಿ.”

ಕಲಬುರಗಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಎಳ್ಳಮಾಸಿಯ ಹೊತ್ತಿಗೆ ಹೊಲದಲ್ಲಿ ಜೋಳ ಹೊಡೆಗಟ್ಟಿ ನಿಂತಿರುತ್ತದೆ. ಭೂಮಿತಾಯಿ ಬಸುರಿ ಎಂದು ನಮ್ಮವರ ನಂಬಿಕೆ. ಬಸುರಿಗೆ ಬಯಕೆಯ ಊಟ ಬೇಕಲ್ಲ? ಅದಕ್ಕೆ ಮನೆಯವರೆಲ್ಲ ಹೊಸ ಬಟ್ಟೆ ಉಟ್ಟು, ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲು ಇಟ್ಟು ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಕಲೆಸಿ, ಕೂಗುತ್ತ ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಭೂಮಿ ಉಂಡ ಮೇಲೆ ಮನುಷ್ಯರ ಊಟ. ಹೊಲ ಇಲ್ಲದವರು ಪಕ್ಕದವರ ಹೊಲಕ್ಕೆ ಹೋಗುತ್ತಾರೆ, ಆ ದಿನ ಯಾರೂ ಯಾರನ್ನೂ ಬೇಡ ಅನ್ನುವುದಿಲ್ಲ.

ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲಿನ ತುಳಸಿ ಕುಂಡದಲ್ಲಿ ಅವ್ವ ಪ್ರತಿವರ್ಷ ಎರಡು ತುತ್ತು ಹಾಕುತ್ತಿದ್ದಳು. ಕೂಗುವಂತಿರಲಿಲ್ಲ, ಕೆಳಗಿನ ಮನೆಯವರು ಏನಾಯಿತೆಂದು ಓಡಿಬಂದಾರು. ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು.

ಡಬ್ಬಿ ಚೀಲಕ್ಕೆ ಹಾಕಿಕೊಂಡು ನಡೆದೆ. ಗುಡಿಸಲುಗಳ ಮುಂದೆ ನಿಂತಿದ್ದ ಸಂಸ್ಥೆಯ ವ್ಯಾನಿನ ಹತ್ತಿರ ಹೋದಾಗಲೇ ನಾನು ಮಾಡಿದ್ದು ಏನೆಂದು ನನಗೆ ಗೊತ್ತಾದದ್ದು. ಹನ್ನೊಂದು ಜನ ಹೆಂಗಸರು ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯ ತಳದ ಸೀರೆ ತೆಗೆದು ಉಟ್ಟು, ಬುತ್ತಿಯ ಗಂಟು ಹಿಡಿದು ನಿಂತಿದ್ದರು. ನಾನು ಅವರನ್ನು ಕರೆದದ್ದು ಸರ್ಕಾರಿ ಮಾತಿನ ‘ಕ್ಷೇತ್ರ ಭೇಟಿ’ಗೆ. ಅವರು ಹೊರಟದ್ದು ಎಳ್ಳಮಾಸಿಗೆ. ಅಮಾಸಿ, ಹೊಲ, ಚಲೋ ಸೀರೆ, ಬುತ್ತಿ: ನಮ್ಮ ಕಡೆಯ ಯಾವ ಹೆಂಗಸೂ ಅದನ್ನು ಬೇರೆ ಹೇಗೂ ತಿಳಿಯುತ್ತಿರಲಿಲ್ಲ.

ನೆಲ ಕೊಡಿಸಿ ಎಂದು ಕೇಳಿದ್ದ ಆ ಹೆಂಗಸು ನನ್ನ ಪಕ್ಕ ಕೂತಳು. ನಾನು ಅವ್ವನ ಡಬ್ಬಿ ತೋರಿಸಿ, “ನೋಡ್ರಿ ಯಕ್ಕಾ, ನಮ್ಮವ್ವನೂ ಕಟ್ಟಿ ಕೊಟ್ಟಾಳ, ಒಂದು ತುತ್ತು ಚೆಲ್ಲಿ ಬಾ ಅಂದಾಳ” ಎಂದು ನಕ್ಕೆ. ಅವ್ವ ಭಜ್ಜಿಗೆ ಹಸಿ ಕಡಲೆ, ಗಜ್ಜರಿ, ಬದನೆಕಾಯಿ ಎಲ್ಲ ಹಾಕಿ ಹುಣಸೆಹುಳಿ ಮುಂದಾಗಿ ಮಾಡುತ್ತಾಳೆಂದೂ ಹೇಳಿದೆ. ಹಾದಿಯುದ್ದಕ್ಕೂ ನಮ್ಮಿಬ್ಬರದು ಅದೇ ಮಾತು.

“ಕೊಡ್ರಿ ಡಬ್ಬಿ, ನಮ್ಮ ಗಂಟಿನ್ಯಾಗ ಇಟ್ಕೋತೀನಿ. ನಿಮ್ಮ ಕೈಯಾಗ ಕಾಗದಪತ್ರ ಭಾಳ ಅದಾವ” ಎಂದಳು. ಕೊಟ್ಟೆ. ಉಸ್ತುವಾರಿಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು ಎಂದು ಎರಡು ಸಲ ಅನಿಸಿತು. ಓದಿದ ಮನುಷ್ಯರ ಮುಂದೆ ಇದನ್ನೆಲ್ಲ ತೆಲುಗಿನಲ್ಲಿ ಹೇಗೆ ಹೇಳುವುದು? ಬದುವಿನ ಮೇಲೆ ಒಂದೊಂದು ತುತ್ತು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಸುಮ್ಮನಾದೆ.

ತೋಟ ಚೆಂದವಿತ್ತು. ಅದನ್ನು ಅಲ್ಲಗಳೆಯಲಾರೆ. ಮಡಿ ಮಡಿಗೂ ಹಲಗೆ, ಹಲಗೆಯ ಮೇಲೆ ತೆಲುಗು ಮತ್ತು ಇಂಗ್ಲಿಷು. ಉಸ್ತುವಾರಿಯವರು ಕೃಷಿ ಓದಿದವರು, ಬಿಸಿಲಿಗೆ ಕಪ್ಪಾದ ಮುಖ, ಉಗುರಿನಲ್ಲಿ ಮಣ್ಣು. ದೊಡ್ಡ ಕಂಪನಿಗೆ ಹೋಗಬಹುದಾಗಿತ್ತು, ಹೋಗಿರಲಿಲ್ಲ. ಅವರು ತೆಲುಗಿನಲ್ಲಿ ಹೇಳುತ್ತ ಹೋದರು, ನಾನು ಕನ್ನಡಕ್ಕೆ ತರುತ್ತ ಹೋದೆ. ಜೋಳದ ಸಾಲಿನ ನಡುವೆ ತೊಗರಿ ಹಾಕಿದರೆ ಒಂದು ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕಡಿ ಸಾಲು ಬಿತ್ತಿಯೇ ಬೆಳೆದವರಿಗೆ ಅಕ್ಕಡಿಯ ಪಾಠ. ಬೀಜಕ್ಕೆ ಬೂದಿ ಬೆರೆಸಿ ಇಟ್ಟರೆ ಹುಳ ಬೀಳುವುದಿಲ್ಲ ಎಂದಾಗ ಒಬ್ಬಳು ಸೆರಗು ಬಾಯಿಗೆ ಒತ್ತಿ ನಕ್ಕಳು. ಮೀನಿಗೆ ಈಜು ಕಲಿಸುವುದೆಂದರೆ ಇದೇ. ಮೀನಿಗೆ ಬೇಕಾದದ್ದು ನೀರು.

ಆ ಹೆಂಗಸು ಮಾತ್ರ ನಗಲಿಲ್ಲ. ಅವರು ತೆಲುಗಿನಲ್ಲಿ ಹೇಳುವಾಗಲೂ ನೆಟ್ಟ ನೋಟದಿಂದ ಕೇಳಿಸಿಕೊಳ್ಳುತ್ತಿದ್ದಳು, ನಾನು ಕನ್ನಡದಲ್ಲಿ ಹೇಳುವಾಗಲೂ ಅಷ್ಟೇ ಗೌರವದಿಂದ ಹೂಂಗುಡುತ್ತಿದ್ದಳು. ಸಿಮೆಂಟು ಚೀಲದ ಬದನೆಗಿಡವನ್ನು ಕೂತು ಮುಟ್ಟಿ ನೋಡಿದಳು. ಖಾಲಿ ಬಿದ್ದಿದ್ದ ಆ ಪಟ್ಟಿಯ ಹತ್ತಿರ ಬಂದಾಗ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹಿಡಿ ಮಣ್ಣು ಎತ್ತಿ ಮೂಸಿದಳು. “ಇದು ಬರತೈತ್ರಿ. ಗೊಬ್ಬರ ಬೇಕಷ್ಟ” ಎಂದಳು. ಉಸ್ತುವಾರಿಯವರು ಅದನ್ನು ನೋಡಿ, ಇವರೇ ಸರಿ ಎಂಬಂತೆ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಆ ಕ್ಷಣ ನೆಲ ಅವಳದಾಗಿತ್ತು. ಮಧ್ಯಾಹ್ನದ ಬಿಸಿಲು, ಅವಳ ಬರಿಗಾಲು, ಆ ತಲೆಯಾಡಿಸುವಿಕೆ ಎಲ್ಲ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿವೆ.

ಊಟದ ಹೊತ್ತಾಯಿತು. ಹೆಂಗಸರು ಜೋಳದ ಮಡಿಯ ಪಕ್ಕದ ಬೇವಿನ ನೆರಳಿಗೆ ಹೋದರು. ಉಸ್ತುವಾರಿಯವರು ಕಾಗದಕ್ಕೆ ಸಹಿ ಹಾಕಲು ನನ್ನನ್ನು ಕೋಣೆಗೆ ಕರೆದರು. ಪೆನ್ನು ಕೈಯಲ್ಲಿದ್ದಾಗಲೇ ಹೊರಗಿನಿಂದ ಕೂಗು ಕೇಳಿಸಿತು. ಹನ್ನೊಂದು ಗಂಟಲು ಒಟ್ಟಿಗೆ ಎತ್ತಿದ ಉದ್ದನೆಯ ಕೂಗು. ಅವ್ವ ತುಟಿ ಮಾತ್ರ ಅಲ್ಲಾಡಿಸುತ್ತಿದ್ದ ಕೂಗು ಇಷ್ಟು ದೊಡ್ಡದು ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ನಾವು ಓಡಿ ಹೋಗುವಷ್ಟರಲ್ಲಿ ಮುಗಿದಿತ್ತು. ಜೋಳದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಹರಳು. ಬದುವಿನ ಮೇಲಲ್ಲ, ಮಡಿಯ ತುಂಬ, ಸಾಲು ಸಾಲಿಗೂ ಭಜ್ಜಿ, ರೊಟ್ಟಿಯ ಚೂರು, ಅನ್ನ. ಉಸ್ತುವಾರಿಯವರು ಸೊಂಟಕ್ಕೆ ಕೈ ಇಟ್ಟು ನಿಂತುಬಿಟ್ಟರು.

“ಏಂದಮ್ಮಾ ಇದಿ?” ಎಂದರು ತೆಲುಗಿನಲ್ಲಿ. ಆಮೇಲೆ ದನಿ ಏರಿತು. ಆ ಮಡಿಗೆ ಏನು ಹಾಕಿದೆವು, ಏನು ಬೆಳೆಯಿತು ಎಂದು ಗ್ರಾಂ ಲೆಕ್ಕದಲ್ಲಿ ಬರೆದಿಡುತ್ತಾರಂತೆ, ಹೊರಗಿನದು ಒಂದು ಅಗಳೂ ಬೀಳಬಾರದಂತೆ. ಇಲಿ ಹೆಗ್ಗಣ ಬಂದರೆ ನಾಲ್ಕು ತಿಂಗಳ ಕೆಲಸ ಹಾಳು. ಅದೆಲ್ಲ ನಿಜವೇ. ಕೊನೆಗೆ ನನ್ನ ಕಡೆ ತಿರುಗಿ ಕೇಳಿದರು: “ಹಸಿವಿನ ಪಾಠ ಹೇಳುವ ಜಾಗದಲ್ಲಿ ಅನ್ನ ಚೆಲ್ಲುವುದೇ? ನೀವೂ ಇವರ ಕಡೆಯವರೇ ಅಲ್ಲವೇ? ಏನಿದು, ಹೇಳಿ.”

ಹೇಳಲು ನನ್ನ ಹತ್ತಿರ ಎಲ್ಲ ಇತ್ತು. ಭೂಮಿಯ ಬಸುರು, ಬಯಕೆ, ನಲವತ್ತು ವರ್ಷ ಕುಂಡಕ್ಕೆ ತುತ್ತು ಹಾಕಿದ ಅವ್ವ. ಎರಡು ನಿಮಿಷ ತೆಲುಗಿನಲ್ಲಿ ಹೇಳಿದ್ದರೆ ಆ ಮನುಷ್ಯ ಕೇಳುತ್ತಿದ್ದ, ಮಣ್ಣನ್ನು ಪ್ರೀತಿಸುವವನೇ ಅವನು. ಆದರೆ ನನ್ನೊಳಗಿನ ಆ ಸಂತೆಯ ಹುಡುಗಿ ಬೇರೆಯವರ ಮಗಳ ಹಾಗೆ ಮುಂದೆ ನಡೆದುಬಿಟ್ಟಳು.

“ನನಗೂ ಗೊತ್ತಿಲ್ಲ ಸಾರ್” ಎಂದೆ. “ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಇವರದು ಏನೋ ಮೂಢನಂಬಿಕೆ ಇರಬೇಕು. ಹಳ್ಳಿಯ ಜನ, ಎಷ್ಟು ಹೇಳಿದರೂ ತಿಳಿಯುವುದಿಲ್ಲ.”

ಅವರು ಹಣೆ ಒರೆಸಿಕೊಂಡರು. ಎಲ್ಲ ಆರಿಸಿ ತೆಗೆಯಲು ಹೇಳಿ ಎಂದರು. ನಾನು ಹೆಂಗಸರ ಕಡೆ ತಿರುಗಿ, ಮಾತಿನ ಮುಳ್ಳನ್ನೆಲ್ಲ ಕಿತ್ತು, “ಇಲಿ ಬರ್ತಾವಂತ. ಬ್ಯಾಸರಾ ಮಾಡ್ಕೋಬ್ಯಾಡ್ರಿ, ಆರಿಸಿಬಿಡ್ರಿ ಅಂತಾರ” ಎಂದೆ.

ಯಾರೂ ಅಲುಗಲಿಲ್ಲ. ಚೆಲ್ಲಿದ ಚರಗವನ್ನು ಯಾರೂ ಮರಳಿ ಆರಿಸುವುದಿಲ್ಲ, ಅದು ಬಸುರಿಯ ಬಾಯಿಂದ ತುತ್ತು ಕಿತ್ತಂತೆ. ಒಬ್ಬ ಮುದುಕಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಕೊನೆಗೆ ಮೊದಲು ಬಾಗಿದವಳು ಆ ಹೆಂಗಸೇ. ಸೆರಗು ನಡುವಿಗೆ ಸಿಕ್ಕಿಸಿ ಸಾಲಿನೊಳಗೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಾಳು, ಒಂದೊಂದೇ ಅಗಳು ಆರಿಸತೊಡಗಿದಳು. ಉಳಿದವರು ಹಿಂಬಾಲಿಸಿದರು. ನಾನು ಫೈಲು ಎದೆಗವಚಿಕೊಂಡು ನೆರಳಿನಲ್ಲಿ ನಿಂತಿದ್ದೆ. ಬಾಗಲಿಲ್ಲ. ಆ ನಾಚಿಕೆಗೆ ನನ್ನ ಹತ್ತಿರ ಇವತ್ತಿಗೂ ಸಮಾಧಾನವಿಲ್ಲ.

ಬರುವಾಗ ವ್ಯಾನಿನಲ್ಲಿ ಯಾರೂ ಬುತ್ತಿ ಬಿಚ್ಚಿ ಉಣ್ಣಲಿಲ್ಲ. ಇಳಿಯುವಾಗ ಆ ಹೆಂಗಸು ಅವ್ವನ ಡಬ್ಬಿಯನ್ನು ನನ್ನ ಚೀಲದಲ್ಲಿಟ್ಟು, “ಬರ್ತೀನ್ರಿ” ಎಂದಷ್ಟೇ ಹೇಳಿದಳು.

ಮನೆಯಲ್ಲಿ ಅವ್ವ ಕಾಯುತ್ತಿದ್ದಳು. “ಚೆಲ್ಲಿದಿ?” ಎಂದಳು. “ಹೂಂ” ಎಂದೆ. ಅದು ಎರಡನೆಯ ಸುಳ್ಳು. ಅವ್ವ ಡಬ್ಬಿ ತೆರೆದು, ಭಜ್ಜಿಯಲ್ಲಿ ಒಂದು ತುತ್ತಿನ ಗುಳಿ ಬಿದ್ದಿದ್ದನ್ನು ನೋಡಿ, ಡಬ್ಬಿಯನ್ನು ಕಣ್ಣಿಗೊತ್ತಿಕೊಂಡಳು. ತೋಟದಲ್ಲಿ ಯಾರೋ ಹಸಿದವರು ತಿಂದಿರಬೇಕು ಎಂದುಕೊಂಡೆ. ನನ್ನ ಸುಳ್ಳಿಗೆ ಸಾಕ್ಷಿ ಸಿಕ್ಕಿತಲ್ಲ ಎಂದು ಹಗುರವೂ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಹದಿನೈದು ದಿನಕ್ಕೆ ಉಸ್ತುವಾರಿಯವರಿಂದ ಕಾಗದ ಬಂತು. ಈ ಗುಂಪಿಗೆ ಇನ್ನೂ ತಿಳಿವಳಿಕೆ ಬೇಕು, ಮುಂದಿನ ವರ್ಷ ನೋಡೋಣ ಎಂದು. ಆ ಪಟ್ಟಿ ನೆಲ ಒಂದು ಸಾಫ್ಟ್‌ವೇರ್ ಕಂಪನಿಯ ನೌಕರರಿಗೆ ಹೋಯಿತೆಂದು ಆಮೇಲೆ ಕೇಳಿದೆ. ಶನಿವಾರ ಶನಿವಾರ ಟೋಪಿ ಹಾಕಿಕೊಂಡು ಬಂದು, ಮನಸ್ಸು ಹಗುರವಾಗಲೆಂದು ಟೊಮ್ಯಾಟೊ ಬೆಳೆಯುತ್ತಿದ್ದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಗೆ ಹಿಟ್ಟಿದ್ದವರಿಗೆ ಜುಟ್ಟಿಗೆ ಮಲ್ಲಿಗೆ ಬೇಕಾದರೆ ತಪ್ಪೇನು? ಸಿಟ್ಟು ಇರುವುದೆಲ್ಲ ಒಬ್ಬಳ ಮೇಲೆ.

ಕಾಗದ ಹಿಡಿದು ಆ ಹೆಂಗಸಿನ ಗುಡಿಸಲಿಗೆ ಹೋದೆ. ಮಗಳು ಗೋಡೆಗೆ ಒರಗಿ ಕೂತಿದ್ದಳು, ಪಾದ ಬಾತಿದ್ದವು, ತುಟಿ ಸುಣ್ಣದಷ್ಟು ಬಿಳಿ. ಬಾಗಿಲಿನ ಹೊರಗೆ ಒಂದು ಸಿಮೆಂಟು ಚೀಲದಲ್ಲಿ ಮೆಂತೆ ಹಾಕಿದ್ದಳು ಅವಳಮ್ಮ. ಕಟ್ಟಡದ ದೂಳು ಕೂತು ಎಲೆಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಎರಡೇ ತಿಂಗಳಿಗೆ ಆ ಕಟ್ಟಡ ಮುಗಿದು ಗುಡಿಸಲುಗಳನ್ನು ಎತ್ತಿಸಿದರು, ಅವರು ಎಲ್ಲಿಗೆ ಹೋದರೋ, ಆ ಹುಡುಗಿಯ ಹೆರಿಗೆ ಏನಾಯಿತೋ ನನಗೆ ಕೊನೆಗೂ ತಿಳಿಯಲಿಲ್ಲ. ಕಾಗದ ಹಿಡಿದು ಹೋದ ಆ ದಿನ ನಾನು ದಾರಿಯಲ್ಲಿ ಹೊಂದಿಸಿಕೊಂಡು ಬಂದ ಮಾತು ಶುರುಮಾಡಿದೆ. ನೆಲ ಈ ವರ್ಷ ಯಾರಿಗೂ ಕೊಡುವುದಿಲ್ಲವಂತೆ, ನಿಮ್ಮ ತಪ್ಪೇನೂ ಇಲ್ಲ, ಅವರದೇ ಏನೋ ತೊಂದರೆ.

ಆ ಹೆಂಗಸು ಚಹಾದ ಲೋಟ ನನ್ನ ಮುಂದಿಟ್ಟಳು.

“ಇರಲಿ ಬಿಡ್ರಿ ಅಕ್ಕೋರೆ. ನನಗ ಅವತ್ತ ಗೊತ್ತಾತು.”

“ಹೆಂಗ?”

“ಹನ್ನೆರಡು ವರ್ಷಾತ್ರಿ ಈ ಊರಿಗೆ ಬಂದು. ತೆಲುಗು ಬರಂಗಿಲ್ಲೇನ್ರಿ ನನಗ? ಸಾಹೇಬ್ರು ಕೇಳಿದ್ದು, ನೀವು ಹೇಳಿದ್ದು, ಎಲ್ಲಾ ತಿಳೀತು.”

ನಾನು ಲೋಟ ಕೈಗೆತ್ತಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ, ತೋಟದಲ್ಲಿ ನಾನು ದೊಡ್ಡಸ್ತಿಕೆಯಿಂದ ಕನ್ನಡಕ್ಕೆ ತಂದದ್ದನ್ನೆಲ್ಲ ಅವಳು ಎರಡೆರಡು ಸಲ ಕೇಳಿಸಿಕೊಂಡು ಹೂಂಗುಟ್ಟಿದ್ದಳು, ನನ್ನ ಮರ್ಯಾದೆ ಉಳಿಯಲೆಂದು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆದುಕೊಳ್ಳಲಾಗದ್ದು. ಚೀಲದ ಮೆಂತೆಯ ಎಲೆಯನ್ನು ಸೆರಗಿನಿಂದ ಒರೆಸುತ್ತ ಹೇಳಿದಳು:

“ನೀವು ಸಾಹೇಬ್ರ ಸಂಗಾಟ ಒಳಗ ಹೋದಾಗ ನಿಮ್ಮ ಡಬ್ಬಿ ನಾನ ಬಿಚ್ಚಿದ್ನಿ. ನಿಮ್ಮವ್ವ ಕಟ್ಟಿ ಕಳಿಸ್ಯಾರ, ಹಂಗ ಹೊಳ್ಳಿ ಹೋಗಬಾರದು ಅಂತ ಒಂದು ತುತ್ತು ಚೆಲ್ಲಿದ್ನಿ. ಆರಿಸ್ರಿ ಅಂದಾಗ ಉಳದವರದೆಲ್ಲಾ ಆರಿಸಿ ತಗದ್ವಿ, ನಂದೂ ತಗದ್ನಿ. ನಿಮ್ಮವ್ವಂದು ಮಾತ್ರ ತಗೀಲಿಲ್ರಿ. ಜ್ವಾಳದ ಬುಡಕಿತ್ತು, ಮಣ್ಣು ಮುಚ್ಚಿ ಬಂದ್ನಿ.”